ಹೆರಿಗೆ, ಗುದದ ಸ್ನಾಯು ಮತ್ತು ಅಲ್ಟ್ರಾಸೌಂಡ್

ಈ ಲೇಖನವನ್ನು ನಾವು ನಾಲ್ವರು ಸೇರಿ ಬರೆದಿದ್ದೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ಊರಿಗೊಬ್ಬರು. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಬಯೋಮೆಡಿಕಲ್. ವಿಷಯ ಹೇಳಿದಾಗ ಕನ್ನಡ ಬಳಗದ ಸಭೆಯಲ್ಲಿ ಹಿಂದಿನ ಬೆಂಚಿನವರು ನಕ್ಕರು. ನಗಲಿ ಬಿಡಿ, ನಾವೂ ಮೊದಲು ನಕ್ಕಿದ್ದೆವು. ಆಮೇಲೆ ನಮ್ಮಲ್ಲೊಬ್ಬಳು ತನ್ನ ಅಕ್ಕನ ಕಥೆ ಹೇಳಿದಳು, ನಗು ನಿಂತಿತು.

ಅಕ್ಕನಿಗೆ ಆರು ವರ್ಷದ ಹಿಂದೆ ಚೊಚ್ಚಲ ಹೆರಿಗೆ ಆಯ್ತು. ಮಗು ದೊಡ್ಡದು, ತುಂಬಾ ಹೊತ್ತು ಹಿಡೀತು, ಇಕ್ಕಳ ಹಾಕಿ ಎಳೆದರು, ಹೊಲಿಗೆ ಹಾಕಿದರು, ಎಲ್ಲಾ ಸರಿ ಐತಿ ಅಂತ ಮನೆಗೆ ಕಳಿಸಿದರು. ತವರಲ್ಲಿ ಮೂರು ತಿಂಗಳು ಬಾಣಂತನ. ಆವಾಗಲೇ ಅಕ್ಕನಿಗೆ ಗೊತ್ತಾಗಿತ್ತು, ಏನೋ ಸರಿಯಿಲ್ಲ ಅಂತ. ಸಂಡಾಸಕ್ಕೆ ಬಂತು ಅಂದರೆ ಎರಡು ನಿಮಿಷ ತಡೆಯೋಕಾಗಲ್ಲ. ಗ್ಯಾಸ್ ಅಂತೂ ಕೈ ಮೀರಿದ್ದು. ಯಾರಿಗೆ ಹೇಳೋದು? ಅವ್ವನಿಗೆ ಹೇಳಿದರೆ, 'ಹಡದ ಮ್ಯಾಲೆ ಎಲ್ಲಾರಿಗೂ ಹಂಗ ಆಕ್ಕೈತಿ, ತಾನ ಸರಿ ಹೋಕ್ಕೈತಿ' ಅಂದಳು. ಸರಿ ಹೋಗಲಿಲ್ಲ. ಭಾರತ ಹುಣ್ಣಿಮೆಗೆ ತಪ್ಪದೆ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದವಳು ಹೋಗುವುದನ್ನು ಬಿಟ್ಟಳು. ಮದುವೆ ಮನೆಯಲ್ಲಿ ಊಟ ಮಾಡುವುದಿಲ್ಲ. ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಬೇಕಂದರೆ ಹಿಂದಿನ ರಾತ್ರಿಯಿಂದ ಉಪವಾಸ. ಮನೆಯವರು ಮಡಿ ಜಾಸ್ತಿ ಆತು ಅಂತ ತಿಳಿದುಕೊಂಡರು. ನಡುವೆ ಒಬ್ಬರು ನೋಡಿ ಮೂಲವ್ಯಾಧಿ ಅಂತ ಮುಲಾಮು ಕೊಟ್ಟರು. ನಮ್ಮ ಕಡೆ ರಸ್ತೆ ಬದಿಯ ಗೋಡೆಗಳ ಮೇಲೆಲ್ಲಾ 'ಮೂಲವ್ಯಾಧಿ, ಭಗಂದರ' ಅಂತ ಬರೆದಿರುತ್ತಲ್ಲ, ಕೆಳಗಿನ ಯಾವ ತೊಂದರೆಗೂ ನಮಗೆ ಗೊತ್ತಿರುವ ಹೆಸರು ಅವೆರಡೇ.

ಹೋದ ವರ್ಷ ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಹೋದಾಗ ಒಬ್ಬ ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರಂತೆ: 'ಹಡದ ಮ್ಯಾಲೆ ಸಂಡಾಸ, ಗ್ಯಾಸ್ ತಡ್ಕೊಳ್ಳಾಕ ಆಕ್ಕೈತೇನವಾ?' ಅಕ್ಕ ಅಲ್ಲೇ ಅತ್ತಳು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಚೀಟಿ, ಅಲ್ಲಿ ಗುದದ ಅಲ್ಟ್ರಾಸೌಂಡ್. ರಿಪೋರ್ಟಿನಲ್ಲಿ ಬರೆದದ್ದು: ಹೊರ ಸ್ಫಿಂಕ್ಟರ್ ಸ್ನಾಯುವಿನಲ್ಲಿ 11 ಗಂಟೆಯಿಂದ 2 ಗಂಟೆವರೆಗೆ ಕೊರತೆ. ಗಡಿಯಾರದ ಲೆಕ್ಕ ಯಾಕೆ ಬಂತು, ಆ ಕಪ್ಪು ಬಿಳಿ ಚಿತ್ರದಲ್ಲಿ ಅದು ಹೇಗೆ ಕಾಣುತ್ತೆ, ಆರು ವರ್ಷ ಯಾಕೆ ಬೇಕಾಯ್ತು? ನಾವು ಓದತೊಡಗಿದ್ದು ಇದಕ್ಕೆ.

ಎರಡು ಉಂಗುರ, ಒಂದು ಕವಣೆ

ಅಜ್ಜಿಯ ಎಲೆ ಅಡಿಕೆ ಚಂಚಿ ನೋಡಿದ್ದೀರಲ್ಲ, ಲಾಡಿ ಎಳೆದರೆ ಬಾಯಿ ಮುಚ್ಚುತ್ತೆ. ಗುದದ್ವಾರಕ್ಕೆ ಅಂಥ ಲಾಡಿ ಎರಡು. ಒಂದರೊಳಗೆ ಒಂದು ಉಂಗುರದಂತೆ ಇವೆ. ಇವುಗಳನ್ನೇ ಸ್ಫಿಂಕ್ಟರ್ ಅನ್ನುತ್ತಾರೆ, ಅಂದರೆ ಬಿಗಿಯುವ ಸ್ನಾಯು.

ಒಳ ಉಂಗುರ 2ರಿಂದ 3 ಮಿಲಿಮೀಟರ್ ದಪ್ಪ, ಅಷ್ಟೇ. ನಮ್ಮ ಮಾತು ಕೇಳದ ಸ್ನಾಯು ಅದು. ಕರುಳಿನ ಗೋಡೆಯ ಸ್ನಾಯುವೇ ಕೆಳಗೆ ಬಂದು ದಪ್ಪಗಾಗಿ ಈ ಉಂಗುರವಾಗಿದೆ. ನಾವು ಮಲಗಿದ್ದಾಗಲೂ ಬಿಗಿ ಹಿಡಿದೇ ಇರುತ್ತದೆ. ಸುಮ್ಮನಿದ್ದಾಗ ಬಾಯಿ ಮುಚ್ಚಿರುವ ಒತ್ತಡದ ಹೆಚ್ಚಿನ ಪಾಲು ಇದರದ್ದು. ಹೊರ ಉಂಗುರ ಇದಕ್ಕಿಂತ ದಪ್ಪ, ಕೈಕಾಲಿನ ಸ್ನಾಯುವಿನ ಜಾತಿಯದು, ನಮ್ಮ ಹಿಡಿತದಲ್ಲಿದೆ. ಕೆಮ್ಮಿದಾಗ, ಸೀನಿದಾಗ, ಬಸ್ಸು ಗುಂಡಿಗೆ ಇಳಿದಾಗ 'ಈಗ ಬೇಡ' ಅಂತ ತಡೆಯುವುದು ಇದೇ. ಇವೆರಡರ ಮೇಲೆ ಇನ್ನೊಂದು ಸ್ನಾಯು, ಪ್ಯೂಬೊರೆಕ್ಟಾಲಿಸ್ ಅಂತ. ಮುಂದಿನ ಮೂಳೆಯಿಂದ ಹೊರಟು ಹಿಂದೆ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯ ಆಕಾರ. ಕಲ್ಲಿನ ಜಾಗದಲ್ಲಿ ಕರುಳು ಇರುತ್ತೆ ಅಂದುಕೊಳ್ಳಿ.

ಯಾವ ಉಂಗುರ ಕೆಟ್ಟಿದೆ ಅನ್ನುವುದರ ಮೇಲೆ ತೊಂದರೆಯೂ ಬೇರೆ. ಒಳಗಿನದು ಹೋದರೆ ಗೊತ್ತಿಲ್ಲದೆ ಬಟ್ಟೆ ಕೊಳೆಯಾಗುವುದು ಹೆಚ್ಚು. ಹೊರಗಿನದು ಹರಿದರೆ ಬಂದದ್ದು ಗೊತ್ತಾಗುತ್ತದೆ, ತಡೆಯೋಕಾಗುವುದಿಲ್ಲ. ಅಕ್ಕನದು ಎರಡನೆಯದು.

ಹೆರಿಗೆಯಲ್ಲಿ ಹರಿಯುವುದಕ್ಕೆ ದರ್ಜೆಗಳಿವೆ. ಚರ್ಮ ಮಾತ್ರ ಹರಿದರೆ ಒಂದನೇ ದರ್ಜೆ. ಯೋನಿ ಮತ್ತು ಗುದದ ನಡುವಿನ ಸ್ನಾಯುಗಳೂ ಹರಿದರೆ ಎರಡು. ಹರಕು ಗುದದ ಸ್ಫಿಂಕ್ಟರ್‌ಗೆ ತಲುಪಿದರೆ ಮೂರು, ಅದರಲ್ಲೂ ಎ, ಬಿ, ಸಿ ಅಂತ ಮೂರು ಭಾಗ: ಹೊರ ಉಂಗುರದ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ, ಅರ್ಧಕ್ಕಿಂತ ಹೆಚ್ಚು, ಒಳ ಉಂಗುರವೂ ಸೇರಿ. ಗುದದ ಒಳಪದರವೂ ಹರಿದರೆ ನಾಲ್ಕು. ಎರಡಕ್ಕೂ ಮೂರಕ್ಕೂ ನಡುವೆ ಅಂತರ ಕೆಲವೇ ಮಿಲಿಮೀಟರ್. ಆದರೆ ಎರಡನೇ ದರ್ಜೆಯ ಹೊಲಿಗೆ ಮೂರನೇ ದರ್ಜೆಗೆ ಸಾಲುವುದಿಲ್ಲ. ಹರಿದ ಉಂಗುರ ಬಿಗಿಯಲ್ಲಿರುವುದರಿಂದ ತುದಿಗಳು ಎರಡೂ ಕಡೆ ಹಿಂದಕ್ಕೆ ಸರಿದು ಒಳಗೆ ಅಡಗಿಕೊಳ್ಳುತ್ತವೆ, ಅವನ್ನು ಹುಡುಕಿ ಹಿಡಿದು ಸೇರಿಸಬೇಕು. ಮೇಲೆ ಚರ್ಮ ಚೆನ್ನಾಗಿ ಹೊಲಿದರೆ ಹೊರಗಿನಿಂದ ಎಲ್ಲಾ ಸರಿಯಾಗೇ ಕಾಣುತ್ತೆ.

ಮಿನಿ ಪ್ರಾಜೆಕ್ಟಿನ ಸೆನ್ಸರ್‌ನಿಂದ ಶುರು ಮಾಡೋಣ

ನಮ್ಮ ಕಾಲೇಜಿನಲ್ಲಿ ಎಚ್‌ಸಿ-ಎಸ್‌ಆರ್04 ಸೆನ್ಸರ್ ಮುಟ್ಟದೆ ಯಾರೂ ಪಾಸಾಗಿಲ್ಲ. ಎರಡು ಕಣ್ಣಿನ ಗೂಬೆಯಂತೆ ಇರುತ್ತೆ, ಶಬ್ದ ಬಿಡುತ್ತೆ, ಪ್ರತಿಧ್ವನಿ ಬರುವ ಹೊತ್ತು ಎಣಿಸಿ ದೂರ ಹೇಳುತ್ತೆ. ಅದರ ಫ್ರೀಕ್ವೆನ್ಸಿ 40 ಕಿಲೋಹರ್ಟ್ಸ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ ಒಂದು ತರಂಗದ ಉದ್ದ 8.6 ಮಿಲಿಮೀಟರ್. ಗೋಡೆ ಎಷ್ಟು ದೂರ ಅನ್ನೋಕೆ ಸಾಕು. 2 ಮಿಲಿಮೀಟರ್ ಉಂಗುರ ನೋಡೋಕೆ ತರಂಗವೇ ಉಂಗುರಕ್ಕಿಂತ ನಾಲ್ಕು ಪಟ್ಟು ದೊಡ್ಡದಾಯ್ತು.

ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್ ಅಂತ ಎಲ್ಲಾ ಯಂತ್ರಗಳೂ ಹಿಡಿದುಕೊಳ್ಳುತ್ತವೆ. ಗರ್ಭಿಣಿಯ ಹೊಟ್ಟೆಯ ಮೇಲಿಡುವ ಪ್ರೋಬ್ ಸುಮಾರು 3.5 ಮೆಗಾಹರ್ಟ್ಸ್‌ನದು: ತರಂಗ 0.44 ಮಿಲಿಮೀಟರ್. ಗುದದ ಪ್ರೋಬ್ 10 ಮೆಗಾಹರ್ಟ್ಸ್ ಅಂದುಕೊಂಡರೆ 0.154 ಮಿಲಿಮೀಟರ್. 2 ಮಿಲಿಮೀಟರ್ ಒಳ ಉಂಗುರದಲ್ಲಿ ಮೊದಲನೆಯದಕ್ಕೆ ನಾಲ್ಕೂವರೆ ತರಂಗ ಹಿಡಿದರೆ ಎರಡನೆಯದಕ್ಕೆ ಹದಿಮೂರು. ಸ್ಪಷ್ಟತೆಯ ಗುಟ್ಟು ಇಷ್ಟೇ.

ಹಾಗಾದರೆ ಹೊಟ್ಟೆಗೂ 10 ಮೆಗಾಹರ್ಟ್ಸ್ ಯಾಕೆ ಬಳಸಬಾರದು? ನಮ್ಮ ಮೆಕ್ಯಾನಿಕಲ್ ಗೆಳೆಯ ಕೇಳಿದ್ದು ಇದನ್ನೇ. ದೇಹ ಶಬ್ದವನ್ನು ಕುಡಿಯುತ್ತೆ, ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಹೆಚ್ಚು ಕುಡಿಯುತ್ತೆ. ಮೃದು ಅಂಗಾಂಶಕ್ಕೆ ರೂಢಿಯ ಲೆಕ್ಕ ಸೆಂಟಿಮೀಟರಿಗೆ, ಮೆಗಾಹರ್ಟ್ಸ್‌ಗೆ ಅರ್ಧ ಡೆಸಿಬೆಲ್. 15 ಸೆಂಟಿಮೀಟರ್ ಆಳದ ಮಗುವಿಗೆ ಹೋಗಿ ಬರುವ ದಾರಿ 30 ಸೆಂಟಿಮೀಟರ್. 10 ಮೆಗಾಹರ್ಟ್ಸ್‌ನಲ್ಲಿ 150 ಡೆಸಿಬೆಲ್ ನಷ್ಟ, ಅಂದರೆ ಬಿಟ್ಟ ಶಕ್ತಿಯಲ್ಲಿ ಒಂದರ ಮುಂದೆ ಹದಿನೈದು ಸೊನ್ನೆ ಇಟ್ಟು ಭಾಗಿಸಿದಷ್ಟು ಮಾತ್ರ ವಾಪಸ್ಸು. ಏನೂ ಕೇಳಿಸುವುದಿಲ್ಲ. 3.5 ಮೆಗಾಹರ್ಟ್ಸ್‌ನಲ್ಲಿ ಅದೇ ದಾರಿಗೆ 52 ಡೆಸಿಬೆಲ್, ಆಂಪ್ಲಿಫೈಯರ್ ಸುಧಾರಿಸುತ್ತದೆ. ಗುದದ ಸ್ನಾಯುಗಳಿರುವುದು ಪ್ರೋಬ್‌ನಿಂದ ಒಂದೆರಡು ಸೆಂಟಿಮೀಟರ್ ಒಳಗೇ. 2 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 10 ಮೆಗಾಹರ್ಟ್ಸ್‌ನಲ್ಲೂ 20 ಡೆಸಿಬೆಲ್ಲೇ ನಷ್ಟ. ಅದಕ್ಕೇ ಹತ್ತಿರ ಹೋಗಿ ಸಣ್ಣ ತರಂಗದಲ್ಲಿ ನೋಡುತ್ತಾರೆ.

ಪ್ರೋಬ್ ಬೆರಳಿಗಿಂತ ತುಸು ದಪ್ಪ, ಸುಮಾರು 17 ಮಿಲಿಮೀಟರ್. ಹಳೆಯ ಮಾದರಿಯಲ್ಲಿ ತುದಿಯಲ್ಲಿ ಒಂದೇ ಸ್ಫಟಿಕ, ಅದನ್ನು ಮೋಟಾರು ಗರಗರ ತಿರುಗಿಸುತ್ತೆ. ಬಾವಿಯೊಳಗೆ ಟಾರ್ಚ್ ಇಳಿಬಿಟ್ಟು ಸುತ್ತಲೂ ತಿರುಗಿಸಿದ ಹಾಗೆ ಪೂರ್ತಿ 360 ಡಿಗ್ರಿ ಚಿತ್ರ ಬರುತ್ತೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್ ಸಾಕು. 3 ಸೆಂಟಿಮೀಟರ್ ಆಳಕ್ಕೆ 39, ಡಿಗ್ರಿಗೊಂದರಂತೆ 360 ಗೆರೆಗೆ 14 ಮಿಲಿಸೆಕೆಂಡ್. ಅಂದರೆ ಇಲ್ಲಿ ಕಾಯಿಸುವುದು ಶಬ್ದ ಅಲ್ಲ, ಮೋಟಾರು. ಈಗಿನವು ಪ್ರೋಬನ್ನು ಅಲುಗಿಸದೆಯೇ ಒಳಗಿನ ಸ್ಫಟಿಕವನ್ನು ಹಿಂದಕ್ಕೆ ಸರಿಸುತ್ತಾ ಒಂದರ ಪಕ್ಕ ಒಂದು ಚಿತ್ರ ತೆಗೆದು ಮೂರು ಆಯಾಮದ ಘನ ಕಟ್ಟಿಕೊಡುತ್ತವೆ. ರೋಗಿ ಮನೆಗೆ ಹೋದ ಮೇಲೂ ಡಾಕ್ಟರು ಆ ಘನವನ್ನು ಬೇಕಾದ ಕಡೆ ಕತ್ತರಿಸಿ ನೋಡಬಹುದು.

ಸ್ಫಟಿಕದ ಮಾತು ಬಂತು, ಇದೊಂದನ್ನು ಹೇಳದೆ ಮುಂದೆ ಹೋಗಲಾರೆವು. ಒತ್ತಿದರೆ ವಿದ್ಯುತ್, ವಿದ್ಯುತ್ ಕೊಟ್ಟರೆ ಕಂಪನ. ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ 1880ರಲ್ಲಿ ಇದರ ಮೊದಲರ್ಧ ಕಂಡುಹಿಡಿದರು. ಸ್ಫಟಿಕದ ದಪ್ಪ ಅರ್ಧ ತರಂಗದಷ್ಟು ಇರಬೇಕು. ಪಿಜೆಡ್‌ಟಿ ಅನ್ನೋ ಪಿಂಗಾಣಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 4000 ಮೀಟರ್, 10 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ 0.2 ಮಿಲಿಮೀಟರ್. ನಿಮ್ಮ ಉಗುರಿಗಿಂತ ತೆಳು. ಯಂತ್ರಕ್ಕೆ ಲಕ್ಷಗಟ್ಟಲೆ ಯಾಕೆ ಅಂತ ಕೇಳುವವರು ಇಷ್ಟು ತೆಳುವಾದ ಪಿಂಗಾಣಿಯನ್ನು ಒಡೆಯದೆ ಅಂಟಿಸಿ ತೋರಿಸಲಿ.

ಸ್ಫಟಿಕದ ಮೇಲೆ ಗಟ್ಟಿ ಪ್ಲಾಸ್ಟಿಕ್ ಟೋಪಿ, ಅದರೊಳಗೆ ನೀರು. ಈ ನೀರಿನಲ್ಲಿ ಗಾಳಿ ಇರಕೂಡದು. ಅಂಗಾಂಶದಿಂದ ಗಾಳಿಗೆ ದಾಟುವ ಗಡಿಯಲ್ಲಿ ಶಬ್ದದ ಶೇಕಡಾ 99.9ರಷ್ಟು ವಾಪಸ್ಸು ಹೊಡೆಯುತ್ತೆ. ಟೋಪಿಯೊಳಗೆ ಮುಂಭಾಗದಲ್ಲಿ ಒಂದು ಗುಳ್ಳೆ ಉಳಿದರೆ ಅದರ ಹಿಂದಿನ ಪೂರ್ತಿ ಭಾಗ ನೆರಳು, ಅಲ್ಲಿ ಸ್ನಾಯುವೇ ಇಲ್ಲವೇನೋ ಅನ್ನಿಸುವಂತೆ. ಒಂದು ಗುಳ್ಳೆಯಿಂದ ಇಲ್ಲದ ಹರಕು ಹುಟ್ಟಬಹುದು.

ಗಡಿಯಾರದ ಚಿತ್ರ

ಚಿತ್ರ ಬಂದ ಮೇಲೆ ನಡುವೆ ಕಪ್ಪು ವೃತ್ತ, ಅದು ಪ್ರೋಬ್ ಇರುವ ಜಾಗ. ಸುತ್ತ ತೆಳು ಬಿಳಿ ಪದರ. ಆಮೇಲೆ ಒಂದು ಸ್ಪಷ್ಟ ಕಪ್ಪು ಉಂಗುರ, ಅದೇ ಒಳ ಸ್ಫಿಂಕ್ಟರ್. ಅದರ ಸ್ನಾಯು ಒಂದೇ ಸಮನಾಗಿದೆ, ಶಬ್ದ ಹೊಡೆದು ವಾಪಸ್ಸು ಬರುವ ಗಡಿಗಳು ಕಡಿಮೆ, ಆದ್ದರಿಂದ ಕಪ್ಪು. ಅದರಾಚೆ ಬೂದು ಬಿಳಿ ದಪ್ಪ ಉಂಗುರ ಹೊರ ಸ್ಫಿಂಕ್ಟರ್. ಎಳೆಗಳ ನಡುವೆ ನಾರು, ಕೊಬ್ಬು ಇರುವುದರಿಂದ ಪ್ರತಿಧ್ವನಿ ಹೆಚ್ಚು. ಮೇಲಿನ ಬದಿ 12 ಗಂಟೆ, ಅದು ದೇಹದ ಮುಂಭಾಗ. ಮಗು ಬರುವುದು ಮುಂದಿನ ದಾರಿಯಲ್ಲಿ, ಹಾಗಾಗಿ ಹೆರಿಗೆಯ ಹರಕು ಹೆಚ್ಚಾಗಿ 10ರಿಂದ 2 ಗಂಟೆಯ ನಡುವೆಯೇ ಕಾಣುತ್ತೆ. ಗಂಟೆಗೆ 30 ಡಿಗ್ರಿ. ಅಕ್ಕನ 11ರಿಂದ 2 ಅಂದರೆ 90 ಡಿಗ್ರಿ. ಉಂಗುರದ ಕಾಲು ಭಾಗ.

ಹರಿದ ಹೊರ ಉಂಗುರದ ಜಾಗದಲ್ಲಿ ಬೂದು ಬಿಳಿ ನಿಂತು ಹೋಗಿ, ಗಾಯ ಮಾಗಿದ ಬೇರೆಯದೇ ಪಟ್ಟಿ ಕಾಣುತ್ತೆ. ಒಳ ಉಂಗುರ ಹರಿದಿದ್ದರೆ ಕಪ್ಪು ಬಳೆ ಒಡೆದು ಎದುರು ಬದಿಗೆ ದಪ್ಪಗಾಗಿ ಅರ್ಧಚಂದ್ರವಾಗುತ್ತೆ.

ಇಲ್ಲೊಂದು ಬಲೆ ಇದೆ. ಹೆಂಗಸರಲ್ಲಿ ಗುದನಾಳದ ಮೇಲ್ಭಾಗದಲ್ಲಿ, ಮುಂದಿನ ಬದಿ, ಹೊರ ಉಂಗುರ ಹುಟ್ಟಿನಿಂದಲೇ ಪೂರ್ತಿ ಇರುವುದಿಲ್ಲ. ಅದನ್ನು ಹರಕು ಅಂತ ಬರೆದರೆ ಇಲ್ಲದ ರೋಗ ಅಂಟಿಸಿದಂತೆ. ಆದ್ದರಿಂದ ಒಳ್ಳೆಯ ರಿಪೋರ್ಟಿನಲ್ಲಿ ಗಂಟೆ ಮಾತ್ರವಲ್ಲ, ನಾಳದ ಯಾವ ಎತ್ತರದಲ್ಲಿ ಅಂತಲೂ ಇರಬೇಕು.

ಪರೀಕ್ಷೆ ನೋವಿನದ್ದಲ್ಲ, ಕೆಲವೇ ನಿಮಿಷ, ಅರಿವಳಿಕೆ ಬೇಡ. ಡಾಕ್ಟರಮ್ಮ 'ಹೆದರಬ್ಯಾಡವಾ, ಉಸಿರು ಬಿಡು' ಅಂದರು, ಮುಗಿದೇ ಹೋಗಿತ್ತು ಅಂತ ಅಕ್ಕ ಹೇಳಿದಳು. ಇದು ಬರುವ ಮೊದಲು ಹರಕಿನ ಜಾಗ ಹುಡುಕಲು ಗುದದ ಸುತ್ತ ಸೂಜಿ ಚುಚ್ಚಿ ಚುಚ್ಚಿ ಸ್ನಾಯುವಿನ ವಿದ್ಯುತ್ ಅಳೆಯುತ್ತಿದ್ದರು. ಅದನ್ನು ಓದಿದಾಗ ನಮ್ಮ ನಾಲ್ವರಿಗೂ ಮೈ ಜುಮ್ಮೆಂದಿತು.

ಲಂಡನ್ನಿನ ನೂರೈವತ್ತು ತಾಯಂದಿರು

ಗುದದೊಳಗಿನ ಅಲ್ಟ್ರಾಸೌಂಡಿನಲ್ಲಿ ಸಹಜ ಸ್ನಾಯು ಹೇಗೆ ಕಾಣುತ್ತೆ ಅಂತ 1989ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಲಾ ಮತ್ತು ಬಾರ್ಟ್ರಮ್ ವಿವರಿಸಿ ಬರೆದರು. ಅಲ್ಲಿವರೆಗೆ ಹೆರಿಗೆ ನಂತರದ ಈ ತೊಂದರೆಗೆ ನರ ಎಳೆದು ಹಾಳಾಗಿದ್ದೇ ಮುಖ್ಯ ಕಾರಣ ಅಂತ ನಂಬಿಕೆ ಬಲವಾಗಿತ್ತು. ನರಕ್ಕೆ ಹೊಲಿಗೆ ಹಾಕೋಕಾಗಲ್ಲ, ಹಾಗಾಗಿ ಸುಮ್ಮನಿರುವುದೇ ದಾರಿ.

1993ರಲ್ಲಿ ಅಬ್ದುಲ್ ಸುಲ್ತಾನ್ ಮತ್ತು ಜೊತೆಗಾರರು ಗರ್ಭಿಣಿಯರನ್ನು ಹೆರಿಗೆಗೆ ಮೊದಲು ಒಮ್ಮೆ, ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದ ಅಧ್ಯಯನ ಪ್ರಕಟವಾಯಿತು. ಎರಡೂ ಸಲ ಬಂದವರು 150 ಜನ. ಸಹಜ ಹೆರಿಗೆಯಾದ ಚೊಚ್ಚಲ ತಾಯಂದಿರು 79, ಅವರಲ್ಲಿ 28 ಜನರ ಸ್ಫಿಂಕ್ಟರ್‌ನಲ್ಲಿ ಕೊರತೆ ಕಂಡಿತು. ಶೇಕಡಾ 35. ಸಿಸೇರಿಯನ್ ಆದ 23 ಜನರಲ್ಲಿ ಹೊಸ ಕೊರತೆ ಒಂದೂ ಇಲ್ಲ. ಇಕ್ಕಳ ಹಾಕಿದ 10 ಜನರಲ್ಲಿ 8 ಜನರಿಗೆ ಕೊರತೆ. ಸಂಖ್ಯೆ ಚಿಕ್ಕದು, ಆದರೂ ಇಕ್ಕಳದ ಸಾಲು ಓದಿದಾಗ ಅಕ್ಕನ ತಂಗಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದಳು.

ಅದೇ ಅಧ್ಯಯನದ ಇನ್ನೊಂದು ಅಂಕಿ ಮರೆಯಬಾರದು. 79ರಲ್ಲಿ ಆರು ವಾರಕ್ಕೆ ತೊಂದರೆ ಇದೆ ಅಂದವರು 10 ಜನ, ಶೇಕಡಾ 13. ಅಂದರೆ ಚಿತ್ರದಲ್ಲಿ ಕೊರತೆ ಇದ್ದವರಲ್ಲಿ ಹೆಚ್ಚಿನವರಿಗೆ ಆಗ ಏನೂ ಅನ್ನಿಸುತ್ತಿರಲಿಲ್ಲ. ಚಿತ್ರ ಸ್ನಾಯುವಿನದು, ತೊಂದರೆ ಮನುಷ್ಯರದು. ಎರಡನ್ನೂ ಕೂಡಿಸಿಯೇ ನೋಡಬೇಕು.

ಇಷ್ಟು ಓದಿದ ಮೇಲೆ ನಮ್ಮೊಳಗಿನ ಎಂಜಿನಿಯರ್ ಎದ್ದು ಕೂತ. ಅಗ್ಗದ ಪ್ರೋಬ್ ಮಾಡೋಣ, ರಾಮದುರ್ಗದಲ್ಲೂ ಒಂದು ಇರಲಿ, ಹೆರಿಗೆಯಾದ ಎಲ್ಲರನ್ನೂ ಸ್ಕ್ಯಾನ್ ಮಾಡಲಿ. ಪ್ರಾಜೆಕ್ಟಿನ ಹೆಸರೂ ಇಟ್ಟಾಗಿತ್ತು. ಜಿನೀವಾದ ಒಂದು ಪ್ರಯೋಗ ನಮ್ಮ ಉತ್ಸಾಹ ಇನ್ನೂ ಹೆಚ್ಚಿಸಿತು. 2005ರಲ್ಲಿ ಪ್ರಕಟವಾದದ್ದು, 752 ಚೊಚ್ಚಲ ತಾಯಂದಿರು. ಸ್ಫಿಂಕ್ಟರ್ ಹರಿದಂತೆ ಕಣ್ಣಿಗೆ ಕಾಣದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಲಿಗೆಗೆ ಮೊದಲು ಗುದದ ಅಲ್ಟ್ರಾಸೌಂಡ್ ಮಾಡಿದರು, ಹರಕು ಕಂಡರೆ ಹುಡುಕಿ ಹೊಲಿದರು. ಮೂರು ತಿಂಗಳಿಗೆ ತೀವ್ರ ತೊಂದರೆ ಇದ್ದವರು ಮಾಮೂಲಿ ಗುಂಪಿನಲ್ಲಿ ಶೇಕಡಾ 8.7, ಸ್ಕ್ಯಾನ್ ಮಾಡಿದ ಗುಂಪಿನಲ್ಲಿ 3.3. ನೋಡ್ರಿ, ಯಂತ್ರ ಬೇಕೇ ಬೇಕು ಅಂದೆವು.

ಬೆರಳು

ಆಮೇಲೆ 2006ರ ಒಂದು ಅಧ್ಯಯನ ಕೈಗೆ ಸಿಕ್ಕಿತು. ಅದರಲ್ಲೂ ಸುಲ್ತಾನ್ ಇದ್ದಾರೆ. ಮೊದಲ ಸಲ ಸಹಜ ಹೆರಿಗೆಯಾದ 241 ಹೆಂಗಸರನ್ನು ಹೆರಿಗೆ ಮಾಡಿಸಿದವರು ಮಾಮೂಲಿನಂತೆ ಪರೀಕ್ಷಿಸಿದರು. ಸ್ಫಿಂಕ್ಟರ್ ಹರಿದಿದೆ ಅಂತ ಸಿಕ್ಕಿದ್ದು ಶೇಕಡಾ 11. ಕೂಡಲೇ ತರಬೇತಾದ ಇನ್ನೊಬ್ಬರು ಅದೇ ಹೆಂಗಸರನ್ನು ಮತ್ತೆ ಪರೀಕ್ಷಿಸಿದರು, ಕಣ್ಣಿನಿಂದ, ಬೆರಳಿನಿಂದ. ಶೇಕಡಾ 24.5 ಸಿಕ್ಕಿತು. ಆಮೇಲೆ ಅಲ್ಟ್ರಾಸೌಂಡ್ ಮಾಡಿದರು. ಅದು ಹೊಸದಾಗಿ ಹುಡುಕಿಕೊಟ್ಟದ್ದು ಮೂರೇ ಮೂರು.

ಆ ರಾತ್ರಿ ಹಾಸ್ಟೆಲಿನಲ್ಲಿ ನಮ್ಮ ಪ್ರಾಜೆಕ್ಟು ಬಿದ್ದುಹೋಯ್ತು. 1993ರಲ್ಲಿ ಅಡಗಿದ ಹರಕು ಅಂತ ಕಂಡದ್ದರಲ್ಲಿ ಬಹುಪಾಲು ನಿಜವಾಗಿ ಅಡಗಿರಲಿಲ್ಲ, ಹೆರಿಗೆಯ ಟೇಬಲ್ ಮೇಲೆ ನೋಡದೆ ಬಿಟ್ಟದ್ದು ಅಂತ ಈ ಅಧ್ಯಯನ ಹೇಳುತ್ತಿತ್ತು. ಜಿನೀವಾದ ಪ್ರಯೋಗವನ್ನೂ ಹಾಗೇ ಓದಬಹುದು: ಯಂತ್ರ ಅಲ್ಲಿ ಬೆರಳಿನ ಕೆಲಸ ಮಾಡಿತು. ಯಂತ್ರ ಬಂದು ಹರಕು ತೋರಿಸದಿದ್ದರೆ ಬೆರಳು ಏನು ಹುಡುಕಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ ಅನ್ನೋದೂ ನಿಜ. ಆದರೆ ಅದು ಗೊತ್ತಾದ ಮೇಲೆ ಮೊದಲ ಗಂಟೆಯಲ್ಲಿ ಬೇಕಾದ ಉಪಕರಣ ಕೈಗವಸು, ಒಳ್ಳೆಯ ಬೆಳಕು, ಐದು ನಿಮಿಷ.

ಪರೀಕ್ಷೆ ಹೀಗೆ: ಹೊಲಿಗೆ ಹಾಕುವ ಮೊದಲು ತೋರುಬೆರಳು ಗುದದೊಳಗೆ, ಹೆಬ್ಬೆರಳು ಹರಿದ ಜಾಗದ ಮೇಲೆ. ನಡುವಿನ ದಪ್ಪವನ್ನು ಸಣ್ಣ ಗುಳಿಗೆ ಉಂಡೆ ಮಾಡಿದಂತೆ ಹೊರಳಿಸಿ ನೋಡುವುದು. ಉಂಗುರ ಇದ್ದರೆ ಹಗ್ಗ ಸಿಕ್ಕಂತೆ ಸಿಗುತ್ತೆ. ಹರಿದಿದ್ದರೆ ಮುಂದೆ ತೆಳುವಾಗಿ ಟೊಳ್ಳು. ಹೊರ ಸ್ನಾಯು ಕೆಂಪು ಮಾಂಸದಂತೆ, ಒಳಗಿನದು ಮೀನಿನ ಬಿಳಿ ಮಾಂಸದಂತೆ ಅಂತ ಕಲಿಸುತ್ತಾರೆ. ಮೀನು ಮುಟ್ಟದ ನಮ್ಮ ಮನೆಗಳವರಿಗೆ ಬೇರೆ ಹೋಲಿಕೆ ಹುಡುಕಬೇಕು.

ಆಗಲೇ ಹುಡುಕಿ ಹೊಲಿದರೆ ಚೆನ್ನಾಗಿ ಕೂಡುತ್ತದೆ. ವರ್ಷಗಳ ಮೇಲೆ ಮಾಡುವ ಆಪರೇಷನ್ ಮೊದಲು ಗುಣ ಕೊಟ್ಟರೂ ಐದಾರು ವರ್ಷಕ್ಕೆ ಗುಣ ಕುಗ್ಗುತ್ತಾ ಹೋಗುತ್ತದೆ. ಅಕ್ಕನ ಆರು ವರ್ಷದ ಬೆಲೆ ಅದು.

ನಮ್ಮ ನಾಲ್ಕು ತಾಲೂಕು

ಬೈಲಹೊಂಗಲ ಉಪವಿಭಾಗದ ಈ ನಾಲ್ಕು ತಾಲೂಕಿನವರಿಗೆ ದೊಡ್ಡಾಸ್ಪತ್ರೆ ಅಂದರೆ ಬೆಳಗಾವಿ, ಇಲ್ಲಾ ಧಾರವಾಡ, ಹುಬ್ಬಳ್ಳಿ. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿಲೋಮೀಟರ್. ಕಿತ್ತೂರಿನವರಿಗೆ ಹೆದ್ದಾರಿ ಬಾಗಿಲಲ್ಲೇ ಇದೆ, ಧಾರವಾಡ 30. ರಾಮದುರ್ಗದಿಂದ ಬೆಳಗಾವಿ ನೂರರ ಆಸುಪಾಸು. ಸಂಡಾಸ ತಡೆಯೋಕಾಗದ ಹೆಂಗಸಿಗೆ ನೂರು ಕಿಲೋಮೀಟರ್ ಬಸ್ಸು ಅಂದರೆ ಏನು ಅಂತ ಯೋಚಿಸಿ. ಅವಳ ರೋಗವೇ ಅವಳನ್ನು ಆಸ್ಪತ್ರೆಗೆ ಹೋಗಗೊಡುವುದಿಲ್ಲ.

ಯಂತ್ರವನ್ನೇ ಅವಳ ಹತ್ತಿರ ಒಯ್ಯೋಣ ಅಂದರೆ ಅದಕ್ಕೂ ತಡೆ ಇದೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಹೆಣ್ಣು ಭ್ರೂಣ ಹತ್ಯೆ ತಡೆಯಲು ಬಂದ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಗರ್ಭ ನೋಡಬಲ್ಲ ಯಾವ ಅಲ್ಟ್ರಾಸೌಂಡ್ ಯಂತ್ರವೂ ನೋಂದಾಯಿತ ಜಾಗದಲ್ಲೇ ಇರಬೇಕು. ಬ್ಯಾಗಿನಲ್ಲಿ ಹಾಕಿಕೊಂಡು ಊರೂರು ತಿರುಗುವ ಹಾಗಿಲ್ಲ. ಕಾಯ್ದೆ ಬಂದ ಕಾರಣ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅದರ ಬಗ್ಗೆ ನಮಗೆ ತಕರಾರೂ ಇಲ್ಲ. ಅಗ್ಗದ ಯಂತ್ರ ಕಟ್ಟುವವರು ಮೊದಲೇ ಓದಿಕೊಳ್ಳಿ ಅಷ್ಟೇ.

ಆದರೆ ಮಾಮೂಲಿ ಸ್ಕ್ಯಾನಿಂಗ್ ಯಂತ್ರ ಇರುವ ಕಡೆ ಇನ್ನೊಂದು ದಾರಿ ಇದೆ. ಹೊಟ್ಟೆಯ ಪ್ರೋಬ್ ಅಥವಾ ಯೋನಿಯ ಪ್ರೋಬಿಗೆ ಕವಚ ಹಾಕಿ, ಜೆಲ್ ಹಚ್ಚಿ, ಒಳಗೆ ಹಾಕದೆ ಗುದದ ಮುಂದಿನ ಚರ್ಮದ ಮೇಲೆ ಇಟ್ಟು ಓರೆಯಾಗಿ ನೋಡುವುದು. 1997ರ ಹೊತ್ತಿಗೇ ಈ ಬಗೆ ಪ್ರಕಟವಾಗಿತ್ತು. ಒಳಗೆ ಏನೂ ಇರದ ಕಾರಣ ಉಂಗುರಗಳು ತಮ್ಮ ಸಹಜ ಆಕಾರದಲ್ಲೇ ಕಾಣುತ್ತವೆ, ಒಳಪದರದ ಮಡಿಕೆಗಳು ನಕ್ಷತ್ರದಂತೆ. ಮೂರು ಆಯಾಮದ ಯಂತ್ರವಿದ್ದರೆ ಸ್ನಾಯುವನ್ನು ಸೌತೆಕಾಯಿ ಹೆಚ್ಚಿದಂತೆ ಎಂಟು ಬಿಲ್ಲೆ ಮಾಡಿ, ಎರಡು ತುದಿ ಬಿಟ್ಟು ನಡುವಿನ ಆರರಲ್ಲಿ ಕನಿಷ್ಠ ನಾಲ್ಕರಲ್ಲಿ 30 ಡಿಗ್ರಿಗಿಂತ ದೊಡ್ಡ ಕೊರತೆ ಇದ್ದರೆ ದೊಡ್ಡ ಹರಕು ಅಂತ ಹಿಡಿಯುತ್ತಾರೆ. ಇದಕ್ಕೆ ಹೊಸ ಪ್ರೋಬ್ ಬೇಡ, ನೋಡಲು ಕಲಿತ ಕಣ್ಣು ಬೇಕು.

ನಮ್ಮ ಜಿಲ್ಲೆಯದೇ ಇನ್ನೊಂದು ಮಾತು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಒಂದು ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1620 ಹೆರಿಗೆಗಳು. ಹೆರಿಗೆಯಾದ ಕೂಡಲೇ ಸಹಾಯಕ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಅದು ಬೇರೆ ತೊಂದರೆ, ಬೇರೆ ಚಿಕಿತ್ಸೆ. ನಮಗೆ ಮುಖ್ಯವಾಗಿ ಕಂಡದ್ದು, ಕೆಲಸ ಮಾಡಿದವರು ಹಳ್ಳಿಯ ದಾದಿಯರು. ಬೆರಳಿನ ಪರೀಕ್ಷೆಯನ್ನೂ ಇದೇ ಕೈಗಳಿಗೆ ಕಲಿಸಬಹುದು ಅಂತ ನಮಗನ್ನಿಸುತ್ತೆ.

ಇನ್ನು ಆಶಾ ಅಕ್ಕಂದಿರು. ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿಯ ಮನೆಗೆ 3ನೇ ದಿನದಿಂದ 42ನೇ ದಿನದವರೆಗೆ ಆರು ಸಲ ಬರುತ್ತಾರೆ. 42ನೇ ದಿನ ಅಂದರೆ ಆರು ವಾರ, ಲಂಡನ್ನಿನಲ್ಲಿ ಸ್ಕ್ಯಾನ್ ಮಾಡಿದ ಅದೇ ಹೊತ್ತು. ಅವತ್ತು ಮಗುವಿನ ತೂಕದ ಜೊತೆ ತಾಯಿಗೆ ಆ ಒಂದು ಪ್ರಶ್ನೆ ಕೇಳಬಹುದು. ಅತ್ತೆ, ಗಂಡ ಎದುರಿಗಿದ್ದಾಗ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ, ಒಳಮನೆಯಲ್ಲಿ ಕೇಳಬೇಕು. ಓದುವವರಲ್ಲಿ ಯಾರಿಗಾದರೂ, ಯಾರ ಮನೆಯಲ್ಲಾದರೂ ಈ ತೊಂದರೆ ಇದ್ದರೆ ಡಾಕ್ಟರ ಎದುರು ಮೂಲವ್ಯಾಧಿ ಅನ್ನಬೇಡಿ. 'ಹಡದ ಮ್ಯಾಲಿಂದ ತಡ್ಕೊಳ್ಳಾಕ ಆಗವಲ್ದು' ಅನ್ನಿ, ಇಕ್ಕಳ ಹಾಕಿದ್ದರೆ ಅದನ್ನೂ ಹೇಳಿ.

ಅಕ್ಕನಿಗೆ ಈಗ ಐದು ತಿಂಗಳು. ಬಿಗಿ ಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಏನು ತಿಂದರೆ ಮಲ ಗಟ್ಟಿಯಾಗಿ ಬರುತ್ತೆ ಅಂತ ಹೇಳಿದ್ದಾರೆ, ಮೊದಲಿಗಿಂತ ಪರವಾಗಿಲ್ಲ ಅನ್ನುತ್ತಾಳೆ. ತೊಂದರೆಯೂ ಇದ್ದು ಚಿತ್ರದಲ್ಲಿ ಕೊರತೆಯೂ ಇದ್ದರೆ ಮುಂದಿನ ಹೆರಿಗೆಗೆ ಸಿಸೇರಿಯನ್ ಬಗ್ಗೆ ಕೂತು ಮಾತಾಡಬೇಕು ಅನ್ನುವುದು ರೂಢಿ. ಆ ಮಾತಿಗೆ ಮುಂದಿನ ವಾರ ಹೋಗುತ್ತಿದ್ದಾಳೆ, ತಂಗಿಯನ್ನೂ ಕರೆದುಕೊಂಡು. ಗಡಿಯಾರದ ಲೆಕ್ಕದ ಆ ರಿಪೋರ್ಟು ಈಗ ತಾಯಿ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿದೆ.